ಯಾರನ್ನ ಕೇಳ್ಬೇಕು?

ಸಿಂದಗಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಲಿನಕ್ಸ್ ಕಲಿಸುತ್ತಿದ್ದ ಮೇಡಂ ಸಿಟ್ಟು ಬಂದರೆ ಕನ್ನಡಕ ತೆಗೆದು ಸೆರಗಿನಿಂದ ಗಸಗಸ ತಿಕ್ಕುತ್ತಿದ್ದರು. ಆ ಸಿಟ್ಟೆಲ್ಲ ಕಂಪ್ಯೂಟರಿನ ಮೇಲೆ. "ಬ್ಯಾಡ ಅಂತೈತಿ, ಯಾಕಂತ ಹೇಳಂಗಿಲ್ಲ!"

ಒಮ್ಮೆ ದೇವಣಗಾಂವದ ಗೆಳತಿಯೊಬ್ಬಳು ಫೈಲ್ ತೆರೆಯಲು ಹೋದಾಗ ಪರದೆಯ ಮೇಲೆ 'ಪರ್ಮಿಷನ್ ಡಿನೈಡ್', ಅಂದರೆ ಅನುಮತಿ ಇಲ್ಲ, ಎಂದು ಬಂತು. ಅವಳು ಸೀದಾ ಪ್ರಿನ್ಸಿಪಾಲರ ಹತ್ತಿರ ಹೋಗಿ ಪರ್ಮಿಷನ್ ಕೇಳಿದಳು. ಅವರು ಗಾಬರಿಯಾಗಿ ಲ್ಯಾಬಿಗೇ ಬಂದರು.

"ನಾ ಯಾವಾಗ ಬ್ಯಾಡ ಅಂದೀನ್ರಿ ಮೇಡಂ?"

ನಾವೆಲ್ಲ ನಕ್ಕೆವು. ಮೇಡಂ ಕನ್ನಡಕ ತೆಗೆದರು. "ಆಕಿದೇನ್ರಿ ತಪ್ಪು? ಯಾರನ್ನ ಕೇಳ್ಬೇಕಂತ ಈ ಸುಡುಗಾಡು ಮಷೀನ್ ಹೇಳೈತೇನು?"

ಮರುದಿನ ಲ್ಯಾಬಿನ ಕಂಪ್ಯೂಟರುಗಳಲ್ಲಿ ಆ ಇಂಗ್ಲಿಷಿನ ಕೆಳಗೆ ಮೇಡಂ ಸೇರಿಸಿದ ಕನ್ನಡವೂ ಬರತೊಡಗಿತು: "ನಿಮ್ಮದೇನೂ ತಪ್ಪಿಲ್ಲ. ಈ ಫೈಲ್ ನನ್ನ ಹೆಸರಿಗೈತಿ. ನನ್ನನ್ನ ಕರೀರಿ."

ಅಂದಿನಿಂದ ಮೇಡಂ ಒಂದು ಕಪ್ ಚಹಾವನ್ನೂ ಬಿಸಿಯಾಗಿ ಕುಡಿದದ್ದನ್ನು ನಾನು ಕಾಣಲಿಲ್ಲ.