ಮಾವನವರ ಕ್ಯಾಮೆರಾ ಬಿಚ್ಚಿದ ಭಾನುವಾರ

ಮನೆಗೆ ಸುಣ್ಣಬಣ್ಣ ನಡೆಯುತ್ತಿದೆ. ಬಣ್ಣದವನು ಕಿರುಗುಟ್ಟುವ ಬಾಗಿಲಿಗೆ ಹೊಲಿಗೆ ಮಿಷನ್ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಪ್ಪತ್ತರ ದಶಕದ ಶ್ರೀನಿವಾಸಪುರದ ಬಾಡಿಗೆ ಮನೆಯಲ್ಲಿದ್ದೆ. ನಿಮಗೂ ಹೀಗಾಗುತ್ತದೋ ಏನೋ.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಜಯಾ, ಮುಳಬಾಗಿಲಿನ ಹುಡುಗಿ. ಮಾತು ಅಂದರೆ "ಊಟಕ್ಕೆ ಬನ್ನಿ", "ಹೂಂ", ಅಷ್ಟೇ. ನಾನಾದರೂ ಮಾತಾಡಿಸಬಹುದಿತ್ತು, ಏನು ಮಾತಾಡಬೇಕೆಂದು ಗೊತ್ತಿದ್ದರೆ ತಾನೆ? ಮಾವಿನ ಮಂಡಿಯ ರೇಟು ಹೇಳುತ್ತಿದ್ದೆ. ಪಾಪ, ತಲೆಯಾಡಿಸುತ್ತಿದ್ದಳು.

ಅವಳ ಟ್ರಂಕಿನಲ್ಲಿ, ತೀರಿಕೊಂಡ ಅಪ್ಪನ ಹಳೇ ಕ್ಯಾಮೆರಾ ಇತ್ತು. ಗುಂಡಿ ಒತ್ತಿದರೆ ಷಟರ್ ತೆರೆಯುತ್ತಿರಲಿಲ್ಲ. ಒಂದು ಭಾನುವಾರ ಅವಳು ನೀರಿಗೆ ಹೋದಾಗ, ರಿಪೇರಿ ಮಾಡಿ ಮೆಚ್ಚಿಸೋಣವೆಂದು ಬಿಚ್ಚಿಕೊಂಡು ಕೂತೆ. ಸೈಕಲ್ ಚೈನಿಗೆ ಎಣ್ಣೆ ಬಿಟ್ಟರೆ ಸರಾಗವಾಗಿ ಓಡುವುದಿಲ್ಲವೇ? ಅದೇ ತರ್ಕದಲ್ಲಿ ಷಟರಿನ ತೆಳು ತಗಡುಗಳಿಗೆ ಮಿಷನ್ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ಅವು ಒಂದಕ್ಕೊಂದು ಅಂಟಿಕೊಂಡು ಕೂತವು.

ಕೊಡ ಇಳಿಸಿ ನೋಡಿದ ಜಯಾ "ಎಂತ ಪನಿ ಚೇಶಾರು!" ಎಂದಳು, ಎಂಥಾ ಕೆಲಸ ಮಾಡಿಬಿಟ್ಟಿರಿ ಅಂತ. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗೇ ಬರುವುದೆಂದು ಗೊತ್ತಾದದ್ದು ಆವತ್ತು. ಆಮೇಲೆ ಗೋಡೆಗೆ ಒರಗಿ ಅತ್ತಳು, ಒಂದೇ ಸಮನೆ ಅತ್ತಳು. ನನ್ನ ಕೈತುಂಬ ಎಣ್ಣೆ. ಅವಳ ಕಣ್ಣೊರೆಸುವ ಹಾಗೂ ಇರಲಿಲ್ಲ.

ಕೊನೆಗೆ ಅವಳೇ ಸುಧಾರಿಸಿಕೊಂಡು, "ಏಳಿ, ಕಾಂಪೌಂಡರ್ ಹತ್ರ ಸ್ಪಿರಿಟ್ ಇಸ್ಕೊಂಡ್ ಬನ್ನಿ. ನಮ್ಮಪ್ಪ ಅದ್ರಲ್ಲೇ ಒರೆಸ್ತಿದ್ರು," ಎಂದಳು.

ಓಡಿದೆ. ತಗಡುಗಳನ್ನು ಹಳೇ ಪಂಚೆಯ ಮೇಲೆ ಹರಡಿಕೊಂಡೆವು. ನಾನು ಹತ್ತಿಯಿಂದ ಒರೆಸಿದೆ, ಅವಳು ಊದಿ ಆರಿಸಿದಳು. ತಂಗಿಯ ನಾಮಕರಣದ ದಿನ ಅವರಪ್ಪ ರೀಲು ಹಾಕುವುದನ್ನೇ ಮರೆತು ನೆಂಟರೆಲ್ಲರ ಫೋಟೋ ತೆಗೆದ ಕತೆ ಹೇಳಿದಳು. ಇಬ್ಬರೂ ನಕ್ಕೆವು. ಒಳಗೆ ಅನ್ನ ಸೀದುಹೋಯಿತು. ಸಂಜೆ ಎಲ್ಲ ಜೋಡಿಸಿ ಗುಂಡಿ ಒತ್ತಿದರೆ 'ಟಕ್' ಎಂದಿತು. ಕೊಡಿ ಇಲ್ಲಿ ಎಂದು ಕಿತ್ತುಕೊಂಡು ಮತ್ತೆ ಮತ್ತೆ ಒತ್ತಿದಳು. ಅಲ್ಲಿಂದ ಶುರುವಾದ ಮಾತು ಇನ್ನೂ ನಿಂತಿಲ್ಲ.

ಈಗ ಬಣ್ಣ ಸಿಡಿಯದಂತೆ ಪಾತ್ರೆಗಳಿಗೆ ಬಟ್ಟೆ ಹೊದಿಸುತ್ತಿದ್ದ ಅವಳಿಗೆ ಇದನ್ನೆಲ್ಲ ನೆನಪಿಸಿ, "ಒಂದು ಕ್ಯಾಮೆರಾಕ್ಕೆ ಎಷ್ಟು ಅತ್ತಿದ್ದೆ ಕಣೇ," ಎಂದು ಚುಡಾಯಿಸಿದೆ.

ಜಯಾ ಕೈ ನಿಲ್ಲಿಸಿದಳು. "ಕ್ಯಾಮೆರಾಕ್ಕಲ್ಲ ಕಣ್ರೀ. ಅಪ್ಪ ಹೋದಾಗ ನಾನು ಅತ್ತಿರ್ಲಿಲ್ಲ. ವರ್ಷದೊಳಗೆ ಮದುವೆ ಮಾಡ್ಬೇಕು, ಮದುವೆ ಹೆಣ್ಣು ಅಳಬಾರ್ದು ಅಂದ್ರು. ಇಲ್ಲಿಗೆ ಬಂದ್ಮೇಲೆ ಸುಮ್‌ಸುಮ್ನೆ ಅತ್ರೆ ನೀವೇನ್ ಅಂದ್ಕೋತೀರೋ ಅಂತ..."

ಮುಂದಿನ ಕೋಣೆಗೆ ಹೋಗಲೇ ಎಂದು ಬಣ್ಣದವನು ಕೇಳಿದ. ಸ್ವಲ್ಪ ತಾಳಪ್ಪ ಎಂದೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಇಷ್ಟು ವರ್ಷ ಒಮ್ಮೆಯೂ ಕೇಳದೇ ಇದ್ದದ್ದನ್ನು ಕೇಳಿದೆ: "ನಿಮ್ಮಪ್ಪ ಹೋದ ದಿನ ಏನಾಯ್ತು, ಹೇಳು."