ವರಮಹಾಲಕ್ಷ್ಮಿಯ ಬೆಳಿಗ್ಗೆ ಬಂದ ಫೋನು

ಟ್ರಿಣ್ — ನಿಮ್ಮಮ್ಮ ತೂಕದ ಮೆಷೀನಿನ ಮೇಲೆ ನಿಂತಾಗಲೆಲ್ಲ ನನ್ನ ಮೊಬೈಲಿನಲ್ಲಿ ಆಗುತ್ತಿದ್ದ ಸದ್ದು. ರೇಖಾ, ಹಬ್ಬದ ದಿನ ಆಸ್ಪತ್ರೆಯಿಂದ ಬಂದ ಫೋನನ್ನು ನಾನು ಮುಚ್ಚಿಟ್ಟೆ. ಮರೆತದ್ದಲ್ಲ. ಡೆಲಿಬರೇಟ್ ಆಗಿಯೇ.

ಓರಗಿತ್ತಿಯಾದರೂ ನಿಮ್ಮಮ್ಮನನ್ನು ನಾನು ಅಕ್ಕ ಎಂದೇ ಕರೆದವಳು. ಹಾರ್ಟ್ ವೀಕ್ ಆದಮೇಲೆ ಅಕ್ಕನ ಮೈಯಲ್ಲಿ ನೀರು ತುಂಬುತ್ತಿತ್ತು. ತೂಕ, ಬಿಪಿ, ಬೆರಳಿನ ಕ್ಲಿಪ್ಪಿನ ಆಕ್ಸಿಜನ್ — ಎಲ್ಲ ಇಂಟರ್‌ನೆಟ್ಟಿನಲ್ಲಿ ತಾನಾಗಿಯೇ ಆಸ್ಪತ್ರೆಗೆ ಹೋಗುವಂತೆ ನೀನೇ ಮಾಡಿಸಿದೆ. ನಿಮ್ಮಪ್ಪನಿಗೆ ಮೊಬೈಲ್ ಎತ್ತಲೂ ಬಾರದು. ಅದೇ ಮನೆಯ ಮಹಡಿಯ ಮೇಲೆ ನಾನಿದ್ದೆನಲ್ಲ, ಆಸ್ಪತ್ರೆಗೆ ನೀನು ನನ್ನ ನಂಬರ್ ಕೊಟ್ಟೆ. "ಇಂಗ್ಲಿಷ್ ಮೆಷೀನು, ನಮ್ಮ ಕಾನ್ವೆಂಟ್ ರಾಣೀನೇ ನೋಡ್ಕೊಳ್ಳಲಿ ಬಿಡು," ಎಂದು ಅಕ್ಕ ನಕ್ಕಿದ್ದರು.

ಅವತ್ತು ನರ್ಸ್ ಹೇಳಿದಳು: "ಮೇಡಂ, ಮೂರು ದಿನದಲ್ಲಿ ಎರಡೂವರೆ ಕೆಜಿ ಏರಿದೆ, ಆಕ್ಸಿಜನ್ನೂ ಇಳೀತಿದೆ. ಈಗ್ಲೇ ಕರ್ಕೊಂಡ್ ಬನ್ನಿ."

"ಶೂರ್, ಸಿಸ್ಟರ್."

ಕಳಶಕ್ಕೆ ಸೀರೆ ಉಡಿಸುತ್ತಿದ್ದ ಅಕ್ಕ ತಿರುಗಿದರು. "ಯಾರ್ದೇ ಅದು?"

"ರಾಂಗ್ ನಂಬರ್, ಅಕ್ಕ."

ಆ ಎರಡು ಪದ ನನ್ನವಲ್ಲ. ಮದುವೆಯಾಗಿ ಬಂದ ಎರಡನೇ ವರ್ಷ, ಇದೇ ಹಬ್ಬದ ಬೆಳಿಗ್ಗೆ, ನಡುಮನೆಯ ಫೋನ್ ಇಟ್ಟು ಅಕ್ಕ ನನಗೆ ಹೇಳಿದವು. ಅತ್ತ ನನ್ನ ಅಪ್ಪ ತೀರಿಕೊಂಡಿದ್ದರು. ಸುದ್ದಿ ಕಿವಿಗೆ ಬಿದ್ದರೆ ತಾನೇ ಸೂತಕ? ಮುತ್ತೈದೆಯರೆಲ್ಲ ಕುಂಕುಮ ತೆಗೆದುಕೊಂಡು ಹೋಗುವ ತನಕ ನನ್ನ ಕೈಯಲ್ಲಿ ಒಬ್ಬಟ್ಟು ತಟ್ಟಿಸಿದರು, ಆಮೇಲೆ ಹೇಳಿದರು. ನನ್ನ ತವರಿದ್ದ ಸಿದ್ದಾಪುರ ಎಷ್ಟು ದೂರ — ಜಯನಗರದ ನಮ್ಮ ಮನೆಯಿಂದ ನಡೆದೇ ಹೋಗಬಹುದು. ನಾನು ಓಡಿ ಮುಟ್ಟುವಷ್ಟರಲ್ಲಿ ತವರಿನ ಅಂಗಳ ತೊಳೆದಾಗಿತ್ತು. ಅಪ್ಪನ ಮುಖ —

ನಾನು ರಾಂಗ್ ನಂಬರ್ ಎಂದ ಆ ದಿನ, ಪೂಜೆಯಲ್ಲಿ ವ್ರತದ ಕಥೆ ಓದುವಾಗ ಅಕ್ಕನಿಗೆ ಉಸಿರು ಸಾಲುತ್ತಿರಲಿಲ್ಲ. ಎರಡು ಸಲ ಪುಸ್ತಕ ಕೆಳಗಿಟ್ಟರು. ನೋಡಿದೆ. ಪಾದ ಊದಿ ಹೊಳೆಯುತ್ತಿತ್ತು, ಅದನ್ನೂ ನೋಡಿದೆ. ಹಬ್ಬ ಕೆಡಬಾರದಲ್ಲ, ಅಕ್ಕ — ಎಂದುಕೊಂಡೆ. ನರ್ಸ್ ಮತ್ತೆ ಮತ್ತೆ ಫೋನ್ ಮಾಡಿದಳು, ಸೈಲೆಂಟ್‌ಗೆ ಹಾಕಿದೆ. ಸುಳ್ಳೇಕೆ, ಆ ಮಧ್ಯಾಹ್ನ ನನಗೆ ಸುಖವಾಗಿತ್ತು ರೇಖಾ. ಎರಡು ಒಬ್ಬಟ್ಟು ತಿಂದೆ, ತುಪ್ಪ ಹಾಕಿಕೊಂಡು.

ಸಂಜೆ ಅಕ್ಕ ಗೋಡೆ ಹಿಡಿದು ಕುಸಿದಾಗ ನಿನಗೆ ಫೋನ್ ಮಾಡಿ, "ಈಗ ತಾನೇ ಹಾಸ್ಪಿಟಲ್‌ನಿಂದ ಹೇಳಿದ್ರು ಕಣೇ," ಎಂದೆ. ಜೆ.ಪಿ. ನಗರದಿಂದ ಓಡಿ ಬಂದ ನೀನು ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದೆ. ಬೆಳಿಗ್ಗೆಯೇ ಕರೆತಂದಿದ್ದರೆ ಎಂದರು ಡಾಕ್ಟರು. ಆಗ ನೀನು ನೆಲ ನೋಡುತ್ತಿದ್ದೆ — ನಿನ್ನದೇ ತಪ್ಪೆಂಬಂತೆ. ಮೂರು ದಿನಕ್ಕೆ ಅಕ್ಕ ಹೋದರು. ಇಷ್ಟು ವರ್ಷ ಆ ತಪ್ಪನ್ನು ನಿನ್ನ ಹೆಗಲ ಮೇಲೇ ಬಿಟ್ಟಿದ್ದೆ. ಅದು ನನ್ನದು.

ಸ್ಕೂಲಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಷನ್ ಮುಗಿಸಿ ಹಗುರಾಗಿ ಹೊರಬರುತ್ತಿದ್ದರು. ನಾನು ಹಗುರಾಗಲೆಂದು ಬರೆಯುತ್ತಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ.

ಅಕ್ಕನನ್ನು ಜೀವಂತವಾಗಿ ಕೊನೆಯ ಸಲ ನೋಡಿದ್ದು ಅದೇ ಸಂಜೆ, ಐಸಿಯು ಬಾಗಿಲಲ್ಲಿ. ನೀನು ಕೌಂಟರಿನಲ್ಲಿ ಸಹಿ ಹಾಕುತ್ತಿದ್ದೆ. ಸ್ಟ್ರೆಚರಿನ ಮೇಲಿಂದ ಅವರು ಮಾಸ್ಕ್ ಕೆಳಗೆಳೆದು ನನ್ನ ಕೈ ಹಿಡಿದರು. "ನೀನಿದ್ದೆ ಸುಶೀಲಾ... ಅದಕ್ಕೇ ಬದುಕ್ಕೊಂಡೆ."

"ಮಾತಾಡ್ಬೇಡಿ, ಅಕ್ಕ," ಎಂದು ಮಾಸ್ಕನ್ನು ನಾನೇ ಅವರ ಬಾಯ ಮೇಲೆ ಎಳೆದೆ. ಸ್ಟ್ರೆಚರ್ ಒಳಗೆ ಹೋಯಿತು.