ಮೇಲಿನ ಮನೆಯ ಕಂಬಿಗಳು

ಕಡಲಿಗೆ ಹತ್ತಿರದ ಬೋಳಾರದಲ್ಲಿ ನಮ್ಮ ಮನೆ ಕಟ್ಟಿಸಿದಾಗ ಅಪ್ಪ ಪಿಲ್ಲರಿನ ಕಬ್ಬಿಣದ ಕಂಬಿಗಳನ್ನು ಟೆರೇಸಿನ ಮೇಲಕ್ಕೆ ಎದೆಯೆತ್ತರ ಬಿಡಿಸಿದ್ದರು. ಮುಂದೆ ಹೊಸ ಕಂಬಿಗಳನ್ನು ಇವುಗಳ ಜೊತೆ ಸೇರಿಸಿ ಕಟ್ಟಿ ಮಹಡಿ ಎಬ್ಬಿಸಬೇಕು. ಈ ಊರಿನ ಎಷ್ಟೋ ಮನೆಗಳ ತಲೆಯ ಮೇಲೆ ಹೀಗೆ ಕಂಬಿಗಳು ನಿಂತಿವೆ. ನಮಗೆ ನಾಳೆಯ ಮೇಲೆ ಬಹಳ ನಂಬಿಕೆ. ತಂಗಿಯ ಮದುವೆಯಲ್ಲಿ ಅಪ್ಪ ಅಳಿಯನಿಗೆ, "ಮೇಲಿನದ್ದು ನಿಮಗೆ" ಎಂದೂ ಹೇಳಿದ್ದರು.

ಆಮೇಲೆ ಟೆರೇಸ್ ಸೋರಿತು. ಇಲ್ಲಿ ಟೆರೇಸ್ ಸೋರಿದರೆ ಯಾರೂ ಟೆರೇಸನ್ನು ಸರಿ ಮಾಡುವುದಿಲ್ಲ, ಅದರ ಮೇಲೊಂದು ಶೀಟಿನ ಮಾಡು ಹಾಕಿಸುತ್ತಾರೆ. ಶೀಟಿನ ಪೈಪುಗಳನ್ನು ಪಿಲ್ಲರಿನ ನೆತ್ತಿಗೇ ಕೂರಿಸಬೇಕಿತ್ತು.

"ಈ ರಾಡ್ ಅಡ್ಡ ಬರ್ತದೆ" ಎಂದ ಶೀಟಿನವನು.

"ತೆಗಿ ಮಾರಾಯ" ಎಂದರು ಅಪ್ಪ.

ಬೆರಳುದ್ದ ಉಳಿಸಿ ಎಲ್ಲ ಕತ್ತರಿಸಿದರು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಆದರೆ ಆಗ ಯಾರಿಗೂ ಹಾಗನ್ನಿಸಲಿಲ್ಲ. ಮಳೆಗಾಲದಲ್ಲೂ ಬಟ್ಟೆ ಒಣಗಿತು, ಮನೆಯವರೆಲ್ಲ ಖುಷಿಪಟ್ಟೆವು.

ಈಚೆಗೆ ತಂಗಿಯ ಗಂಡನ ಗಲ್ಫ್ ಕೆಲಸ ಹೋಯಿತು. ಕೊಡಿಯಾಲ್‌ಬೈಲಿನ ಅವರ ಬಾಡಿಗೆ ಫ್ಲ್ಯಾಟ್ ಬಿಡಲೇಬೇಕಾಯಿತು. "ಅಪ್ಪ, ಇನ್ನು ಮೇಲಿನದ್ದು ಕಟ್ಟುವ" ಎಂದಳು ತಂಗಿ. ಇಂಜಿನಿಯರನ್ನು ಕರೆಸಿದೆವು.

ಅವರು ಆ ಮೋಟು ಕಂಬಿಗಳನ್ನು ನೋಡಿ ಕೇಳಿದರು: "ಲ್ಯಾಪಿಗೆ ಎಂತ ಉಂಟು ಇಲ್ಲಿ? ಹೊಸ ರಾಡ್ ಹಳೆಯದರ ಒಟ್ಟಿಗೆ ಇಷ್ಟುದ್ದ ಆದ್ರೂ ಹೋಗ್ಬೇಕು. ಆಗ ಮಾತ್ರ ಭಾರ ಒಂದರಿಂದ ಒಂದಕ್ಕೆ ದಾಟ್ತದೆ." ಎರಡೂ ಕೈ ಅಗಲಿಸಿ ತೋರಿಸಿದರು.

"ಪಿಲ್ಲರ್ ಕೊರೆದು ಬೇರೆ ರಾಡ್ ಕೂರಿಸ್ಲಿಕ್ಕೆ ಆಗುದಿಲ್ವಾ?" ತಂಗಿ ಕೇಳಿದಳು.

ಅವರು ಸುತ್ತಿಗೆಯಿಂದ ಮೆಲ್ಲ ತಟ್ಟಿದರು. ಕಾಂಕ್ರೀಟಿನ ಹೊರಪದರ ಹಾಗೇ ಕಳಚಿ ಬಿತ್ತು. ಕಡಲ ಗಾಳಿಗೆ, ಕತ್ತರಿಸಿದ ತುದಿಯಿಂದ ತುಕ್ಕು ಒಳಗಿನ ತನಕ ಇಳಿದಿತ್ತು. "ಇದರ ಮೇಲೆ ಕಟ್ಟಲಿಕ್ಕೆ ನಾನು ಸೈನ್ ಹಾಕುದಿಲ್ಲ" ಎಂದರು. ಇನ್ನೊಬ್ಬರನ್ನು ಕರೆಸಿದೆವು. ಅವರೂ ಅದನ್ನೇ ಹೇಳಿದರು.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಯಾರಿಗೆ ಬೈಯುವುದು? ಅಪ್ಪನ ಮುಖ ನೋಡಿದರೆ ಬಾಯಿ ಬರುವುದಿಲ್ಲ. ಕಡಲಿಗೆ ಬೈದರೆ ಅದಕ್ಕೇನು? ಮನೆಯಲ್ಲಿ ಇಷ್ಟು ಜನ ಇದ್ದೂ ಒಬ್ಬರಿಂದಲೂ ಏನೂ ಮಾಡಲಾಗಲಿಲ್ಲ.

ಕೊನೆಗೆ ಅಪ್ಪನೇ ಹೇಳಿದರು: "ನೀವು ಕೆಳಗೆ ನಮ್ಮ ರೂಮಿಗೆ ಬನ್ನಿ ಮಗಾ. ನಾನು, ಅಮ್ಮ ಹಾಲ್‌ನಲ್ಲಿ ಮಲಗ್ತೇವೆ."

"ಅವರು ಬರುದಿಲ್ಲ ಅಪ್ಪ" ಎಂದಳು ತಂಗಿ. "ಮೇಲೆ ಆದ್ರೆ ಅದು ನಮ್ಮ ಮನೆ ಆಗ್ತಿತ್ತು. ಕೆಳಗೆ ಬಂದ್ರೆ ನಾವು ನೆಂಟರು."

ಅವಳು ಎದ್ದು ಚಪ್ಪಲಿ ಹಾಕಿಕೊಂಡಳು. ಅಮ್ಮ ಬಾಗಿಲ ತನಕ ಬಂದು, ಊಟ ಮಾಡಿಕೊಂಡೇ ಹೋಗಬೇಕು ಎಂದು, ಮಗಳಿಗೆ ಯಾವತ್ತೂ ಮಾಡದ ಒತ್ತಾಯ ಮಾಡಿದರು.